ಅಳತೆ ರವಿಕೆ ನೋಡಿ ಕತ್ತರಿಸಿದ ಗೌನು

ಆಗ ನನಗೆ ಅರವತ್ತೇಳು. ಐದು ವರ್ಷದ ಹಿಂದಿನ ಮಾತು. ಕಾಪುವಿನ ನನ್ನ ಹೊಲಿಗೆ ಅಂಗಡಿಗೆ ಒಬ್ಬಳು ಹುಡುಗಿ ತನ್ನ ತಾಯಿಯ ಹಳೆಯ ಬಿಳಿ ಸೀರೆಯೊಂದನ್ನು ತಂದಳು. ತಾಯಿ ತೀರಿಹೋಗಿ ಆರು ತಿಂಗಳಾಗಿತ್ತು. ಆ ಹೆಂಗಸಿನ ರವಿಕೆಗಳನ್ನೆಲ್ಲ ಹೊಲಿದವಳು ನಾನೇ. ಹುಡುಗಿ ಮಣಿಪಾಲದಲ್ಲಿ ಓದುತ್ತಿದ್ದಳು, ಅಲ್ಲಿಯ ನಾಟಕದವರ ಬಟ್ಟೆಬರೆ ನೋಡಿಕೊಳ್ಳುತ್ತಿದ್ದಳು.

ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಹೆಂಗಸರು ಹಾಕುತ್ತಿದ್ದ ಬಿಳಿ ಉಡುಪು. ಸೊಂಟ ಸೊಂಟದಲ್ಲಿಲ್ಲ, ಎದೆಯ ಕೆಳಗೇ ಇದೆ. ಅಲ್ಲಿಂದ ಪಾದದ ತನಕ ನೆಟ್ಟಗೆ ಇಳಿಯುತ್ತದೆ.

"ಇದು ನೈಟಿ ಅಲ್ವಾ ಮಾರಾಯ್ತಿ?" ಎಂದೆ.

"ನೈಟಿ ಅಲ್ಲ ಬಾಯಮ್ಮ, ರೀಜೆನ್ಸಿ ಕಾಲದ ಗೌನು. ಇಂಥದ್ದೇ ತೆಳು ಮಲ್ ಬಟ್ಟೆಯದ್ದು."

"ಒಳ್ಳೆ ಸೀರೆ. ಯಾಕೆ ಕತ್ತರಿಗೆ ಕೊಡುದು?"

"ಕಪಾಟಿನಲ್ಲಿ ಇಟ್ರೆ ಮಡಿಕೆಯಲ್ಲೇ ಹರಿದು ಹೋಗ್ತದೆ. ಗೌನು ಆದ್ರೆ ನಾನಾದ್ರೂ ಹಾಕಿಕೊಳ್ತೇನೆ. ಸೆರಗು ಮಾತ್ರ ಮುಟ್ಟಬೇಡಿ. ಅದು ನನಗೆ ಬೇಕು."

ಸೆರಗಿನ ಹರುಕಿಗೆ ತಾಯಿ ರಫು ಮಾಡಿದ್ದಳು. ಒಳ್ಳೆಯ ಕೆಲಸವೇನೂ ಅಲ್ಲ, ನೂಲು ದಪ್ಪವಾಗಿತ್ತು. ಆದರೆ ತಾಯಿಯ ಕೈಕೆಲಸ ಅಂತ ಆ ಹುಡುಗಿಯಲ್ಲಿ ಉಳಿದದ್ದು ಅದೊಂದೇ.

"ಒಳಗೆ ಗಟ್ಟಿ ಕಟ್ಟೊಂದು ಹಾಕ್ಲಿಕ್ಕುಂಟು ಬಾಯಮ್ಮ, ಎದೆಯನ್ನು ಎತ್ತಿ ಹಿಡಿಯುವಂಥದ್ದು. ಮಣಿಪಾಲದಲ್ಲಿ ಉಂಟು. ಅದನ್ನು ತಂದು ಹಾಕಿದ ಮೇಲೆ ಅಳತೆ ತೆಗೀತೀರಾ?"

"ಒಳಗೆ ಎಂತ ಬೇಕಾದ್ರೂ ಹಾಕು. ಅಳತೆ ರವಿಕೆ ಕೊಟ್ಟು ಹೋಗು."

ನಮ್ಮಲ್ಲಿ ಹಾಗೆಯೇ. ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಹೆಂಗಸರು ಕೊಟ್ಟು ಹೋಗುತ್ತಾರೆ, ಅದನ್ನು ನೋಡಿ ಕತ್ತರಿಸುತ್ತೇವೆ. ನಲವತ್ತು ವರ್ಷದಲ್ಲಿ ನಾನು ಹೆಂಗಸರ ಮೈಗೆ ಟೇಪು ಹಿಡಿದದ್ದೇ ಕಡಿಮೆ. ಮೈ ತುಂಬಿದರೆ ಬಿಡಿಸಲಿಕ್ಕೆ ಅಂತ ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡುವುದುಂಟು. ತೆಳು ಬಟ್ಟೆಯಲ್ಲಿ ಅದು ಹೊರಗೆ ಕಾಣುತ್ತದೆ ಎಂದು ಈ ಸಲ ಅದನ್ನೂ ಬಿಡಲಿಲ್ಲ.

ಎರಡು ವಾರ ಕಳೆದು ಹುಡುಗಿ ಆ ಕಟ್ಟು ತಂದಳು. ಪರದೆಯ ಹಿಂದೆ ಅದನ್ನು ಬಿಗಿದು, ಮೇಲೆ ಗೌನು ಹಾಕಿ ಹೊರಗೆ ಬಂದಳು. ಎದೆ ಎಲ್ಲಿಗೋ ಏರಿತ್ತು. ಎದೆಯ ಕೆಳಗೆ ಕೂರಬೇಕಾದ ಹೊಲಿಗೆ ಮೂರು ಬೆರಳು ಕೆಳಗೆ ನಿಂತಿತ್ತು. ಎದುರಿನ ತುಂಡು ಎದೆಯನ್ನು ಅರ್ಧವೂ ಮುಚ್ಚಲಿಲ್ಲ.

"ಸಣ್ಣದಾಯಿತಾ ಬಾಯಮ್ಮ?"

"ಸಣ್ಣದಾಯಿತು. ನನ್ನ ತಪ್ಪು. ನೀನು ಹೇಳಿದ್ದಿ, ನಾನು ಕೇಳಲಿಲ್ಲ."

"ಬಿಡಿಸ್ಲಿಕ್ಕೆ ಆಗುದಿಲ್ವಾ?"

"ಒಳಗೆ ಬಟ್ಟೆ ಇಲ್ಲ. ಉಳಿದದ್ದು ಸೆರಗು ಮಾತ್ರ."

ಬೇರೆ ಮಲ್ ಬಟ್ಟೆ ಹುಡುಕುತ್ತೇನೆ ಎಂದು ಹೇಳಿ ಅವಳನ್ನು ಕಳುಹಿಸಿದೆ. ಸೀರೆಯ ಚೂರು ಹಿಡಿದುಕೊಂಡು ಉಡುಪಿಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದೆ, ಕಾರ್ಕಳದವರೆಗೂ ಹೋದೆ. ಎಲ್ಲ ಕಡೆ ಬಿಳಿ ಇತ್ತು, ಆ ಬಿಳಿ ಇರಲಿಲ್ಲ. ಕೊನೆಗೆ ಹತ್ತಿರದ ಬಣ್ಣದ್ದೊಂದನ್ನು ತಂದೆ.

ಶನಿವಾರ ಹುಡುಗಿ ಬಂದಾಗ ಎರಡನ್ನೂ ಮೇಜಿನ ಮೇಲೆ ಹಾಸಿದೆ. ಹೊಸದು ಹಳೆಯದರ ಪಕ್ಕದಲ್ಲಿ ನೀಲಿ ಹಾಕಿ ಒಗೆದ ಹಾಗೆ ಕಂಡಿತು. ಅವಳು ಹೊಸದನ್ನು ಮಡಚಿ ಬದಿಗಿಟ್ಟಳು.

"ಸೆರಗನ್ನೇ ಕಟ್ ಮಾಡಿ," ಎಂದಳು.

"ರಫು ಎದೆಯ ಮೇಲೆ ಬರ್ತದೆ. ಎಷ್ಟು ತಿರುಗಿಸಿದ್ರೂ ಕಾಣ್ತದೆ."

"ಕಾಣಲಿ."

"ಮತ್ತೆ ನಿನಗೆ ಎಂತ ಉಳೀತದೆ?"

ಅವಳು ಪರದೆಯ ಹಿಂದೆ ಹೋದಳು. ಕಟ್ಟು ಹಾಕಿಕೊಂಡು ಬಂದು ಎದುರು ನಿಂತಳು. ನಾನು ಟೇಪು ಹಿಡಿದು ಮೂರು ಸಲ ಅಳೆದೆ. ಅವಳ ಕಣ್ಣೆದುರೇ ಸೆರಗಿಗೆ ಕತ್ತರಿ ಹಾಕಿದೆ. ಅತ್ತಳು. ನಾನು ಸಮಾಧಾನ ಹೇಳಲಿಲ್ಲ. ಹಾಳು ಮಾಡಿದವಳು ಯಾವ ಬಾಯಲ್ಲಿ ಸಮಾಧಾನ ಹೇಳುವುದು?

ಮರುದಿನ ಆದಿತ್ಯವಾರ ಬೆಳಿಗ್ಗೆ ಇಗರ್ಜಿಗೆ, ಪಾದ್ರಿಗಳ ಪೂಜೆಗೆ ಹೋಗಲಿಲ್ಲ. ಹೊಲಿಗೆ ಮೆಶಿನಿಗೆ ಕೊಟ್ಟರೆ ರಫುವಿನ ಬುಡದಲ್ಲಿ ಬಟ್ಟೆ ಎಳೆದು ಹರಿಯುತ್ತದೆ ಎಂದು, ಇದ್ದುದರಲ್ಲಿ ಸಣ್ಣ ಸೂಜಿ ಹುಡುಕಿ, ಬಾಗಿಲ ಬೆಳಕಿಗೆ ಕುಳಿತು, ಆ ತುಂಡನ್ನು ಕೈಯಲ್ಲೇ ಹೊಲಿದೆ.