ನೀಲಿ ಪೆಟ್ರೋಲಿನ ಕ್ಯಾನು

ಮೊನ್ನೆ ಔಷಧಿ ಶೆಡ್ಡು ಸ್ವಚ್ಛ ಮಾಡುವ ಶಿಕ್ಷೆ ನನ್ನ ಪಾಲಿಗೆ ಬಂತು. ದ್ರಾಕ್ಷಿ ಬೆಳೆಯುವವರ ಔಷಧಿ ಶೆಡ್ಡನ್ನು ನೀವು ನೋಡಿಲ್ಲವಾದರೆ ಪುಣ್ಯವಂತರು. ನೆಲ, ಗೋಡೆ, ಬಕೆಟ್ಟು, ಕಡೆಗೆ ನನ್ನ ಉಗುರುಗಳು ಕೂಡ ಬಳ್ಳಿಗೆ ಹೊಡೆಯುವ ಮೈಲುತುತ್ತದ ನೀಲಿ. ಆ ನೀಲಿಯ ನಡುವೆ, ಮೂಲೆಯಲ್ಲಿ, ಇಪ್ಪತ್ತು ಲೀಟರಿನ ಹಳೆಯ ಕ್ಯಾನೊಂದು ಸಿಕ್ಕಿತು. ಮುಚ್ಚಳ ತಿರುವಿ ಮೂಗಿಟ್ಟೆ. ಖಾಲಿ ಕ್ಯಾನು, ಆದರೆ ವಾಸನೆ ಮಾತ್ರ ಮನೆ ಬಿಟ್ಟು ಹೋಗಿರಲಿಲ್ಲ. ಪೆಟ್ರೋಲೇ, ಆದರೆ ಅಥಣಿಯ ಬಂಕಿನ ಪೆಟ್ರೋಲಲ್ಲ. ಬಕೆಟ್ಟು ಬೋರಲು ಹಾಕಿಕೊಂಡು ಅಲ್ಲೇ ಕೂತುಬಿಟ್ಟೆ.

ಹೊರಗಿನಿಂದ ಅಣ್ಣನ ದನಿ ಬಂತು. "ಒಳಗ ಮಕ್ಕೊಂಡಿಯೇನ್ಲೇ? ಆ ಪೂರ್ವದ ಪಟ್ಟಿಗೆ ಕಂಬ ಯಾವಾಗ ನೆಡ್ತಿ, ಅದನ್ನರೆ ಹೇಳು."

ಕಂಬದ ವಿಷಯಕ್ಕೆ ಆಮೇಲೆ ಬರುತ್ತೇನೆ, ಗಡಿಬಿಡಿ ಬೇಡ. ಮೊದಲು ನನ್ನ ಅಣ್ಣನ ಬಗ್ಗೆ ಎರಡು ಮಾತು. ಸೀನು ಬಂದರೂ ಗಡಿಯಾರ ನೋಡಿ ಸೀನುವ ಮನುಷ್ಯ ಅವನು. ನಾನು ಅವನಿಗಿಂತ ಹತ್ತು ವರ್ಷ ಚಿಕ್ಕವನು, ಎಲ್ಲ ಕೆಲಸದಲ್ಲೂ ಅವನಿಗಿಂತ ಒಂದು ತಿಂಗಳು ಹಿಂದಿನವನು. ತೆಲಸಂಗದ ಆಚೆ ನಮ್ಮ ಎಂಟು ಎಕರೆ ಒಣಭೂಮಿಗೆ ನೀರು ಬಂದ ವರ್ಷ, ಅಲ್ಲಿ ಹೊಸ ದ್ರಾಕ್ಷಿ ತೋಟ ಮಾಡುವುದೆಂದು ತೀರ್ಮಾನವಾಯಿತು. ನೆಲ ಹಸನಾಯಿತು, ಕಲ್ಲಿನ ಕಂಬಗಳು ಬಂದು ಬದುವಿನ ಮೇಲೆ ಬಿದ್ದವು. ಅವನ್ನು ನೆಡಿಸುವ ಕೆಲಸ ನನ್ನದು. ಇವತ್ತು ಆಳು ಬರಲಿಲ್ಲ, ನಾಳೆ ಹಗ್ಗ ಇಲ್ಲ, ನಾಡಿದ್ದು ಅಮಾವಾಸ್ಯೆ ಎನ್ನುತ್ತ ಮೂರು ತಿಂಗಳು ದೂಡಿದೆ. ಅಷ್ಟು ದಿನವೂ ಅಣ್ಣನ ಹೆಂಡತಿ, ನಮ್ಮ ವೈನಿ, ಆ ಕಂಬಗಳ ಮೇಲೆ ಸೀರೆ ಹಾಸಿ ಸಂಡಿಗೆ ಒಣಗಿಸಿದರು. ಅಣ್ಣ ಬೈಯುವುದನ್ನು ಬಿಟ್ಟು ಬರೀ ನೋಡತೊಡಗಿದ್ದ. ಬೈಗುಳಕ್ಕಿಂತ ಆ ನೋಟ ಕೆಟ್ಟದ್ದು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ನಾನು ಬೇವಿನ ಮರದ ಕೆಳಗೆ ಮಲಗಿ ಕಂಬಗಳ ಬಗ್ಗೆ ವಿಚಾರ ಮಾಡುತ್ತಿದ್ದೆ. ಮೇಲೆ ಸಣ್ಣ ವಿಮಾನವೊಂದು ಗುಂಯ್‌ಗುಡುತ್ತಿತ್ತು. ಅದರಲ್ಲೇನೂ ವಿಶೇಷವಿಲ್ಲ. ಗಡಿಯಾಚೆ ಎಲ್ಲೋ ವಿಮಾನ ಹಾರಿಸಲು ಕಲಿಸುವ ಶಾಲೆಯಿದೆ, ಅಲ್ಲಿಯ ಮಕ್ಕಳು ನಮ್ಮ ತಲೆಯ ಮೇಲೇ ಕಲಿಯುತ್ತಾರೆ. ಇದ್ದಕ್ಕಿದ್ದಂತೆ ಅದು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ನಿಂತೇ ಹೋಯಿತು.

ರೈತನಿಗೆ ಇಂಜಿನ್ ನಡೆಯುವ ಸದ್ದಿಗಿಂತ ನಿಂತ ಸದ್ದು ಬೇಗ ಕೇಳುತ್ತದೆ. ಎಂಥ ನಿದ್ದೆಯಲ್ಲಿದ್ದರೂ ಪಂಪು ನಿಂತರೆ ಎದ್ದು ಕೂರುವ ಜನ ನಾವು. ನಾನೂ ಎದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಕೈ ನಟ್ಟು ಬಿಚ್ಚುವ ಪಾನಾ ಹುಡುಕಿತು. ವಿಮಾನ ಒಂದಿಷ್ಟೂ ಸದ್ದಿಲ್ಲದೆ ಇಳಿಯುತ್ತಿತ್ತು. ರಸ್ತೆಯ ಮೇಲೆ ಕರೆಂಟಿನ ತಂತಿ. ಅತ್ತ ಆಳೆತ್ತರದ ಕಬ್ಬು. ಇತ್ತ ನಮ್ಮ ಹಳೆಯ ದ್ರಾಕ್ಷಿ ತೋಟ, ಸಾಲು ಸಾಲು ಕಂಬ, ಕಂಬದಿಂದ ಕಂಬಕ್ಕೆ ಬಿಗಿದ ತಂತಿ. ಅದರೊಳಗೆ ಬಿದ್ದಿದ್ದರೆ ಉಳಿಯುವ ಮಾತೇ ಇರಲಿಲ್ಲ. ಅದು ತೋಟದ ನೆತ್ತಿಗೆ ಬಂದು ಸೊಟ್ಟಗೆ ವಾಲಿ ನನ್ನ ಖಾಲಿ ಹೊಲಕ್ಕೆ ತಿರುಗಿತು. ನೆಲ ಮುಟ್ಟಿತು, ಎರಡು ಸಲ ಜಿಗಿಯಿತು, ಧೂಳೆಬ್ಬಿಸಿಕೊಂಡು ಹೊಲದ ಉದ್ದಕ್ಕೂ ಓಡಿತು. ಮುಂದಿನ ಗಾಲಿ ಮುರಿದು ಮೂತಿ ಮಣ್ಣಿಗೆ ಊರಿ, ಬೇವಿನ ಮರದಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು.

ಬಾಗಿಲು ತೆಗೆದು ಇಳಿದವಳು ಒಬ್ಬಳೇ ಹುಡುಗಿ. ಇಪ್ಪತ್ತರ ಆಸುಪಾಸು. ಅಷ್ಟರಲ್ಲಿ ಓಡಿಬಂದ ಅಣ್ಣನನ್ನು ನೋಡಿ ಅವಳಾಡಿದ ಮೊದಲ ಮಾತು, "ಕಾಕಾ, ನಿಮ್ಮ ಹೊಲದಾಗಿನ ಪೀಕು ಏನರೆ ಹಾಳಾತೇನ್ರಿ?"

"ಪೀಕು ಎಲ್ಲೈತಿ ತಂಗಿ," ಎಂದ ಅಣ್ಣ ನನ್ನತ್ತ ಗದ್ದ ತೋರಿಸಿ. "ಇಂವಾ ಏನರೆ ಮಾಡಿದ್ರಲ್ಲ ಹಾಳಾಗೂದು?"

ಅವಳು ಕಾಗವಾಡದ ಗೌರಿ. ನೀರು ಕುಡಿದು ಸುಧಾರಿಸಿಕೊಂಡು, "ಮ್ಯಾಲಿಂದ ಎಲ್ಲಾ ಕಡೆ ಕಂಬ, ತಂತಿನ ಕಾಣ್ತಿದ್ವು. ಇದೊಂದ ತುಕಡಾ ಖಾಲಿ ಇತ್ತು. ಇಲ್ಲಂದ್ರ ನಾ ಇರ್ತಿರಲಿಲ್ಲ" ಎಂದಳು.

ಆ ಒಂದು ಮಾತು ಸಾಕಾಯಿತು, ನಾನು ನೆಲದ ಮೇಲಿರಲಿಲ್ಲ. ಮಧ್ಯಾಹ್ನದೊಳಗೆ ಅರ್ಧ ತಾಲೂಕು ಹೊಲದಲ್ಲಿ ನೆರೆಯಿತು. ಬಂದವರಿಗೆಲ್ಲ ನಾನು, "ಯಾಕೋ ಏನೋ, ಕಂಬ ನೆಡಬ್ಯಾಡ ಅಂತ ಮನಸ ಹೇಳಾಕತ್ತಿತ್ತು ನೋಡ್ರಿ" ಎಂದು ಹೇಳಿದ್ದೇ ಹೇಳಿದ್ದು. ನಿಪ್ಪಾಣಿಯ ಬೀಗರಿಗೂ ಫೋನು ಮಾಡಿ ಹೇಳಿದೆ. ವೈನಿ ಹೊಸ ಟ್ರ್ಯಾಕ್ಟರಿಗೆ ಮಾಡುವ ಹಾಗೆಯೇ ವಿಮಾನದ ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಫ್ಯಾನಿಗೆ ಲಿಂಬೆಹಣ್ಣು ಕಟ್ಟಿದರು. ಹೆಣ್ಣುಮಗಳ ಕೈಯಲ್ಲಿ ಕೊಟ್ಟಿದ್ದಕ್ಕೇ ಬಿತ್ತು ಎಂದು ಪಕ್ಕದ ಹೊಲದವನೊಬ್ಬ ಗೊಣಗಿದ. ವೈನಿ ತಿರುಗಿಯೂ ನೋಡದೆ, "ಹ್ವಾದ ವಾರ ನಿನ್ನ ಗಾಡಿ ಗಟಾರದಾಗ ಬಿತ್ತಲ್ಲ, ಅದನ್ನ ಯಾರ ಹೊಡೀತಿದ್ರಪಾ?" ಎಂದು ಕೇಳಿದರು. ಅವನು ಬೇಗ ಮನೆಗೆ ಹೋದ.

ಕಾವಲಿಗೆ ಒಬ್ಬರು ಪೊಲೀಸರನ್ನು ಹಾಕಿದ್ದರು. ನಾಳೆ ವಿಮಾನ ಇಲಾಖೆಯ ಸಾಹೇಬರು ಬಂದು ತಪಾಸಣೆ ಮಾಡುವವರೆಗೆ ಯಾರೂ ಮುಟ್ಟಬಾರದು ಎಂದು ಅವರು ಎಲ್ಲರನ್ನೂ ಗದರಿಸಿ, ವೈನಿ ಹೋಳಿಗೆ ಮಾಡಿದ್ದಾರೆ ಎಂದು ಗೊತ್ತಾದ ಕೂಡಲೇ ಊಟಕ್ಕೆ ಹೋದರು. ಅವರ ಹಿಂದೆ ಜನವೂ ಕರಗಿತು. ವಿಮಾನ, ನಾನು ಇಬ್ಬರೇ ಉಳಿದೆವು.

ಇಲ್ಲಿಂದ ಮುಂದೆ ನನ್ನ ಬಗ್ಗೆ ನಿಮ್ಮ ಅಭಿಪ್ರಾಯ ಕೆಡುತ್ತದೆ, ಕೆಡಲಿ. ನಮ್ಮ ಕಡೆ ಯಾವ ಇಂಜಿನ್ ನಿಂತರೂ ಮೊದಲು ಮಾಡುವ ಕೆಲಸ ಒಂದೇ, ಎಣ್ಣೆಯಲ್ಲಿ ನೀರು ಸೇರಿದೆಯೇ ಅಂತ ಕೆಳಗಿನಿಂದ ಸ್ವಲ್ಪ ಬಿಟ್ಟು ನೋಡುವುದು. ಕೈ ಸುಮ್ಮನಿರಬೇಕಲ್ಲ. ರೆಕ್ಕೆಯ ಅಡಿಯಲ್ಲಿ ಸಣ್ಣದೊಂದು ತೂಬು ಕಂಡಿತು. ಒತ್ತಿ ತಿರುಗಿಸಿದೆ. ವಿಮಾನಕ್ಕೆಂದೇ ಬರುವ ತಿಳಿನೀಲಿ ಪೆಟ್ರೋಲು ಹರಿಯಿತು. ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ನೋಡಿದೆ, ಒಂದು ಹನಿ ನೀರಿರಲಿಲ್ಲ. ಅಲ್ಲಿಗೆ ನನ್ನ ತಪಾಸಣೆ ಮುಗಿಯಬೇಕಿತ್ತು. ಆದರೆ ತೂಬು ಮುಚ್ಚುವ ಮುನ್ನ ನಮ್ಮ ಔಷಧಿ ಹೊಡೆಯುವ ಮಶೀನು ನೆನಪಾಯಿತು, ಅದರ ಪೆಟ್ರೋಲು ಮುಗಿದಿತ್ತು. ಪೊಲೀಸರು ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ಎರಡೂ ರೆಕ್ಕೆ ಬರಿದಾಗಿದ್ದವು, ನನ್ನ ಎರಡು ಕ್ಯಾನು ತುಂಬಿದ್ದವು. ಶೆಡ್ಡಿನ ಮೈಲುತುತ್ತದ ಕ್ಯಾನುಗಳ ನಡುವೆ ಇಟ್ಟೆ. ನೀಲಿಯಲ್ಲಿ ನೀಲಿ, ಯಾರಿಗೆ ಗೊತ್ತಾಗಬೇಕು.

ಗೌರಿ ಆ ರಾತ್ರಿ ನಮ್ಮ ಮನೆಯಲ್ಲೇ ಇದ್ದಳು. ಇನ್ನು ಎಂಟು ತಾಸು ಹಾರಿದರೆ ಲೈಸೆನ್ಸು ಸಿಗುತ್ತದೆ ಎಂದು ವೈನಿಗೆ ಹೇಳಿದಳಂತೆ.

ಮರುದಿನ ಸಾಹೇಬರು ಬಂದರು. ತೆಳ್ಳಗಿನ, ನಗದ ಮನುಷ್ಯ. ಲಿಂಬೆಹಣ್ಣನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಏನೋ ಬರೆದುಕೊಂಡರು. ಆಮೇಲೆ ರೆಕ್ಕೆಯ ಮೇಲೆ ಹತ್ತಿ ಮುಚ್ಚಳ ತೆಗೆದು ಕಡ್ಡಿ ಇಳಿಸಿದರು. ಇಳಿದು ಬಂದು ಗೌರಿಯನ್ನು ಕೇಳಿದರು. "ಟ್ಯಾಂಕು ಎರಡೂ ಖಾಲಿ. ಸೋರಿದ ಗುರುತಿಲ್ಲ. ಪೆಟ್ರೋಲ್ ನೋಡದೇ ಹಾರಿದ್ರಾ?"

"ಇಲ್ಲ ಸರ್. ನಾನ ಅಳದ ನೋಡೇನ್ರಿ. ಅರ್ಧಕ್ಕಿಂತ ಜಾಸ್ತಿ ಇತ್ತು."

"ಎಲ್ಲಿ ಹೋಯ್ತು ಹಾಗಾದ್ರೆ?" ಸಾಹೇಬರು ಪೆನ್ನು ತೆಗೆದರು. "ಇದು ಪೈಲಟ್ ತಪ್ಪು ಅಂತಲೇ ಬರೀಬೇಕಾಗುತ್ತೆ. ಮತ್ತೆ ನಿಮ್ಮನ್ನ ವಿಮಾನ ಮುಟ್ಟೋಕೂ ಬಿಡಲ್ಲ."

ಗೌರಿ ಅಳಲಿಲ್ಲ. ತಾನು ನಿಜವಾಗಿಯೂ ಅಳೆದಿದ್ದೆನೇ ಎಂದು ತನ್ನನ್ನೇ ಕೇಳಿಕೊಳ್ಳುವವಳ ಹಾಗೆ ನೆಲ ನೋಡುತ್ತ ನಿಂತಳು. ಸುತ್ತ ನಿಂತ ನೂರು ಜನರ ಪಾಲಿಗೆ ನಾನು ನಿನ್ನೆಯಿಂದ ದೇವರ ಮಟ್ಟದ ಮನುಷ್ಯ. ಹುಟ್ಟಿದಂದಿನಿಂದ ಸಿಕ್ಕಿದ್ದ ಮರ್ಯಾದೆಯೆಂದರೆ ಆ ಒಂದು ದಿನದ್ದೇ. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ, ನಿಜ ಹೇಳುತ್ತೇನೆ. ಸಾಹೇಬರು ಎರಡು ಸಾಲು ಬರೆಯುವವರೆಗೆ ನಾನು ಸುಮ್ಮನೇ ನಿಂತಿದ್ದೆ. ಆ ಎರಡು ಸಾಲಿನ ಹೊತ್ತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಶೆಡ್ಡಿಗೆ ನಡೆದೆ. ಎರಡೂ ಕೈಯಲ್ಲಿ ಒಂದೊಂದು ಕ್ಯಾನು ಹಿಡಿದು, ಜನರ ನಡುವೆ ಹಾದು ಬಂದು, ಸಾಹೇಬರ ಬೂಟಿನ ಮುಂದಿಟ್ಟೆ.

"ಪೆಟ್ರೋಲ ಇಲ್ಲೈತ್ರಿ, ಸಾಹೇಬ್ರ. ಕದ್ದಾಂವ ನಾನು. ಇದರಾಗಿಂದು ಒಂದೆರಡು ಲೀಟರ ಮುಂಜಾನೆ ಮಶೀನಿಗೆ ಹಾಕೇನಿ. ಆಕಿದೇನೂ ತಪ್ಪಿಲ್ಲ."

ಸಾಹೇಬರು ಮೂಸಿ ನೋಡಿದರು, ಅಂಗೈಗೆ ಸುರಿದುಕೊಂಡು ಬಣ್ಣ ನೋಡಿದರು, ಅಳೆಸಿದರು. ಬರೆದಿದ್ದ ಎರಡು ಸಾಲನ್ನು ಹೊಡೆದುಹಾಕಿ, ನನ್ನ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ, ಅಷ್ಟು ಚೆನ್ನಾಗಿ ಬೈಯಬಲ್ಲವರು ಎಂದು ಮುಖ ನೋಡಿ ಅನಿಸಿರಲಿಲ್ಲ. ಒಂದು ಕ್ಯಾನು ಒಯ್ದರು, ಇನ್ನೊಂದನ್ನು ಬರಿದು ಮಾಡಿ ನನ್ನ ಕೈಗಿಟ್ಟರು. ಪೊಲೀಸರಿಗೆ ಹೋಳಿಗೆ ಅವತ್ತೂ ಇತ್ತು, ಅವರು ತಿನ್ನಲಿಲ್ಲ.

ಹೊರಡುವಾಗ ಗೌರಿ ನನ್ನ ಹತ್ತಿರ ಬಂದಳು. "ಕಾಕಾ, ಒಂದ ದಿನದಾಗ ನನ್ನ ಎರಡ ಸಲ ಉಳಿಸಿದ್ರಿ, ನಡುವ ಒಂದ ಸಲ ಕೊಂದಿದ್ರಿ" ಎಂದು ನನ್ನ ಕಾಲು ಮುಟ್ಟಿದಳು. ಅದು ಎರಡು ದಿನವಾಗಿತ್ತು, ಆದರೆ ತಿದ್ದುವ ಬಾಯಿ ನನಗಿರಲಿಲ್ಲ. ಇಂಜಿನ್ನಿನೊಳಗಿನ ಯಾವುದೋ ಭಾಗ ಮುರಿದಿತ್ತು ಎಂದು ಆಮೇಲೆ ಗೊತ್ತಾಯಿತು. ಅವಳಿಗೆ ಲೈಸೆನ್ಸು ಸಿಕ್ಕಿತು. ವೈನಿಗೆ ಈಗಲೂ ಫೋನು ಮಾಡುತ್ತಾಳೆ. ಊರಿನವರು ನನಗಿಟ್ಟ ಹೆಸರನ್ನು ನೀವು ಊಹಿಸಿಕೊಳ್ಳಿ, ನಾನಂತೂ ಹೇಳುವುದಿಲ್ಲ.

ಆ ವಾರವೇ ಕಂಬ ನೆಡಲು ಶುರು ಮಾಡಿದೆ. ಅಣ್ಣನಿಗೆ ಆಶ್ಚರ್ಯವಾಗುವಷ್ಟು ಬೇಗ ಏಳು ಎಕರೆ ಮುಗಿಸಿದೆ. ಪೂರ್ವದ ಉದ್ದನೆಯ ಪಟ್ಟಿ ಒಂದು ಉಳಿಯಿತು, ವಿಮಾನ ಓಡಿದ ಜಾಗ. ಅಲ್ಲಿ ಪ್ರತಿ ವರ್ಷ ಮೊಣಕಾಲು ದಾಟದ ಕಡಲೆ ಬಿತ್ತುತ್ತೇನೆ. ಇನ್ನೊಂದು ವಿಮಾನ ಅದೇ ಹೊಲಕ್ಕೆ ಬಂದು ಬೀಳುತ್ತದೆಂದು ನಂಬಲು ನನಗೇನು ತಲೆ ಕೆಟ್ಟಿದೆಯೇ. ಆದರೂ ಮೇಲೆ ಗುಂಯ್ ಎಂದಾಗಲೆಲ್ಲ ಕತ್ತೆತ್ತಿ, ಆ ಸದ್ದು ಅಥಣಿ ದಾಟುವವರೆಗೆ ನಿಂತು ಕೇಳುತ್ತೇನೆ.

ಮೊನ್ನೆ ಕ್ಯಾನಿನ ಮುಚ್ಚಳ ಬಿಗಿದು ಅದನ್ನು ಮತ್ತೆ ಮೂಲೆಗೇ ಇಟ್ಟು ಹೊರಗೆ ಬಂದೆ. ಅಣ್ಣ ಅಲ್ಲೇ ನಿಂತಿದ್ದ.

"ಕಂಬದ್ದು ಏನ ಮಾಡ್ದಿ?"

"ಬರೂ ವರ್ಷ ನೋಡೂಣಂತ, ಅಣ್ಣಾ. ಈಗ ಆಳ ಸಿಗವಲ್ರು."

"ಮೈಗಳ್ಳ," ಎಂದ ಅಣ್ಣ.

"ಹೂಂ," ಎಂದೆ.