ಸುರ್ಮಾದ ಕಲ್ಲಿನ ತೂಕ

ರಾಯಚೂರಿನ ತೀನ್ ಕಂದೀಲ್ ಬಳಿಯ ಸಂದಿಯಲ್ಲಿ ಕಣ್ಣಿಗೆ ಹಚ್ಚುವ ಸುರ್ಮಾದ ಕಲ್ಲನ್ನು ಅರೆದು ಮಾರುವ ಮಹಬೂಬೀಗೆ ಕಲ್ಲಿನ ವಿಷಯದಲ್ಲಿ ಯಾರೂ ಟೋಪಿ ಹಾಕಲಾರರು. ಹೈದರಾಬಾದಿನ ವ್ಯಾಪಾರಿ ಚೀಲ ಸುರಿದರೆ ಆಕೆ ಮೊದಲು ಕಲ್ಲನ್ನು ಅಂಗೈಯಲ್ಲಿಟ್ಟು ನೋಡುವಳು. ನಿಂಬೆಹಣ್ಣಿನಷ್ಟೇ ಇದ್ದರೂ ಕೈ ಜಗ್ಗಬೇಕು. ಸುತ್ತಿಗೆಯಿಂದ ತಟ್ಟಿದರೆ ಚೌಕ ಚೌಕವಾಗಿ ಒಡೆಯಬೇಕು, ಒಡೆದ ಮುಖ ಕನ್ನಡಿಯಂತೆ ಹೊಳೆಯಬೇಕು. ಪಿಂಗಾಣಿ ಬಸಿಯ ತಳದ ಒರಟು ಅಂಚಿಗೆ ಉಜ್ಜಿದರೆ ಬೂದುಗಪ್ಪು ಗೆರೆ ಬೀಳಬೇಕು. ಸೂಜಿಗಳ ಕಟ್ಟಿನಂತೆ ಉದ್ದುದ್ದ ಎಳೆಯಿರುವ, ಮೇಣಬತ್ತಿಯ ಉರಿಗೇ ಕರಗುವ ಹಗುರ ಕಲ್ಲು ಸಿಕ್ಕರೆ, "ಈ ನಕಲಿ ಮಾಲು ನಿಮ್ಮತ್ತಿ ಕಣ್ಣಿಗೆ ಹಚ್ಚು ಹೋಗಲೇ" ಎಂದು ಗಟಾರಕ್ಕೆ ಎಸೆಯುವಳು.

ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಸಾಕಿದ್ದು ಈ ಕಲ್ಲೇ. ಓಣಿಯಲ್ಲಿ ಬಾಣಂತಿಯ ನಲವತ್ತನೆಯ ದಿನದ ಚಿಲ್ಲಾ ಸ್ನಾನ ಮುಗಿದರೆ, ಕೂಸಿನ ಕಣ್ಣಿಗೆ ಮೊದಲ ಸುರ್ಮಾ ಎಳೆಯುವುದು ಮಹಬೂಬೀಯ ಸಲಾಯಿ ಕಡ್ಡಿಯೇ. ಅದು ಆಕೆಗೆ ಸಿಗುತ್ತಿದ್ದ ಮರ್ಯಾದೆ.

ಇಂದು ಸ್ವಂತ ಮೊಮ್ಮಗನ ಚಿಲ್ಲಾ. ಪಡಸಾಲೆಯಲ್ಲಿ ನೆಂಟರು ಕೂತಿದ್ದರು. ಸೊಸೆ ಜೋಯಾ ಮಾನ್ವಿಯವಳು, ಬಿ.ಎಸ್ಸಿ. ಓದಿದವಳು. ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು.

"ಇದು ಸೀಸದ ಕಲ್ಲಮ್ಮಾ. ಸೀಸ ಕೂಸಿನ ಮೈಯಾಗ ಸೇರಿದ್ರ ಬುದ್ಧಿ ಬೆಳೆಯಂಗಿಲ್ಲ. ನಾ ಹಚ್ಚಾಕ ಬಿಡಂಗಿಲ್ಲ."

"ಸೀಸ? ಮೀನು ಹಿಡಿಯೂ ಬಲಿಗೆ ಕಟ್ತಾರಲ್ಲ, ಅದಾ? ನಿಮ್ಮಪ್ಪ ಮಾನ್ವ್ಯಾಗ ಭತ್ತ ತೂಗ್ತಾನ, ನೀ ನನಗ ಕಲ್ಲು ತೂಗೂದು ಕಲಸಾಕ ಬಂದೀಯೇನಬೇ?"

"ನಿಮ್ಮ ಪರೀಕ್ಷೆ ಖರೇನ ಅದ. ತೂಕ, ಚೌಕ, ಹೊಳಪು, ಗೆರಿ, ಎಲ್ಲಾ ನಾನೂ ಓದೀನಿ. ನಾಲ್ಕೂ ಕೂಡಿದ್ರ ಅದು ಸೀಸದ್ದೇ. ಹಳೇ ಕಾಲದಾಗ ಸುರ್ಮಾ ಅಂತಿದ್ದದ್ದು ನೀವು ಗಟಾರಕ್ಕ ಒಗಿಯೂ ಹಗುರ ಕಲ್ಲಿಗೆ. ಅದೂ ಕಣ್ಣಿಗೆ ಬ್ಯಾಡ, ಆ ಮಾತು ಬ್ಯಾರೆ."

ಮಹಬೂಬೀಯ ಮುಖ ಕಪ್ಪಿಟ್ಟಿತು. "ಅಂದ್ರ ಇಷ್ಟು ವರ್ಷ ಊರ ಕೂಸುಗಳಿಗೆ ವಿಷ ಹಾಕೀನಿ ಅಂತೀಯಾ?"

ಮಗ ಮುಜಾಹಿದ್ ನಡುವೆ ಬಂದ. "ಜೋಯಾ, ಒಂದ್ ಗೆರಿ ಅಷ್ಟ…"

"ನೀವು ಸುಮ್ನ ಇರ್ರಿ."

"ತೋರ್ಸು," ಎಂದಳು ಮಹಬೂಬೀ. "ಸೀಸ ಇದ್ರ ನನ್ನ ಕಣ್ಣಿಗೆ ತೋರ್ಸು. ಇಲ್ಲಂದ್ರ ಕೂಸನ್ನ ಇಲ್ಲಿ ಬಿಟ್ಟು ಮಾನ್ವಿ ಬಸ್ಸು ಹತ್ತು."

ಜೋಯಾ ಕೂಸನ್ನು ಗಂಡನ ಕೈಗೆ ಕೊಟ್ಟು ಒಳಗೆ ಕಳಿಸಿ ಬಾಗಿಲು ಹಾಕಿದಳು. ಹಿತ್ತಲಲ್ಲಿ, ಕಾಲೇಜಿನಲ್ಲಿ ಕಲಿತಂತೆ, ಇದ್ದಿಲಿನ ತುಂಡೊಂದರಲ್ಲಿ ಕುಳಿ ಕೊರೆದಳು. ಅತ್ತೆಯೇ ಅರೆದಿಟ್ಟ ಸುರ್ಮಾವನ್ನು ಚಿಟಿಕೆ ವಾಷಿಂಗ್ ಸೋಡಾದೊಂದಿಗೆ ಕಲಸಿ ಅದರಲ್ಲಿ ತುಂಬಿದಳು. ಮುಜಾಹಿದ್ ಫ್ರಿಜ್ ರಿಪೇರಿಗೆ ಬಳಸುವ ಗ್ಯಾಸ್ ಟಾರ್ಚ್ ಹಚ್ಚಿ ಉರಿಯನ್ನು ಕುಳಿಗೆ ಹಿಡಿದಳು.

"ಹೊಗಿ ಕುಡೀಬ್ಯಾಡ್ರಿ, ಗಾಳಿ ಬರೂ ಕಡೆ ನಿಲ್ರಿ."

"ನನ್ನ ಚಿಂತಿ ನಿನಗ ಬ್ಯಾಡ," ಎಂದಳು ಮಹಬೂಬೀ. ಆದರೂ ಸರಿದು ನಿಂತಳು.

ಗಂಧಕದ ವಾಸನೆ ಮೂಗಿಗೆ ಬಡಿಯಿತು. ಕುಳಿಯ ತಳದಲ್ಲಿ ಜೋಳದ ಕಾಳಿನಷ್ಟು ಬೆಳ್ಳಗಿನ ಲೋಹದ ಹನಿ ಹೊಳೆದು, ಆರುತ್ತಾ ಮಂಕಾಯಿತು. ತಣ್ಣಗಾದ ಮೇಲೆ ಮಹಬೂಬೀ ಅದನ್ನು ತಾನೇ ಬಂಡೆಯ ಮೇಲಿಟ್ಟು ತನ್ನ ಸುತ್ತಿಗೆಯಿಂದ ಹೊಡೆದಳು. ಚೌಕವಾಗಿ ಒಡೆಯಲಿಲ್ಲ. ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ಉಗುರು ಒತ್ತಿದಳು, ಗುರುತು ಬಿತ್ತು. ಕೃಷ್ಣೆಯ ದಂಡೆಯ ದೇವಸುಗೂರು ಅವಳ ತವರು. ಬಲೆಯ ಸೀಸ ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಆಕೆ ಸುರ್ಮಾದ ಶೀಶೆಯನ್ನು ಕೈಗೆತ್ತಿಕೊಂಡಳು. ಪಡಸಾಲೆಗೆ ಬಂದು ನೆಂಟರಿಗೆ, "ಕೂಸಿಗೆ ಕಣ್ಣು ಬಂದಾವ. ಇವತ್ತು ಸುರ್ಮಾ ಇಲ್ಲ," ಎಂದಳು.

ಬೆನ್ನ ಹಿಂದಿದ್ದ ಜೋಯಾ ಬಾಯಿ ತೆರೆದಳು.

"ಬಾಯಿ ಮುಚ್ಚು," ಮಹಬೂಬೀ ತಿರುಗದೆಯೇ ಹಲ್ಲು ಕಚ್ಚಿ ಅಂದಳು. "ಗೆದ್ದೀಯಲ್ಲ, ಸಾಕು."

ಅಷ್ಟರಲ್ಲಿ ದೇವದುರ್ಗದಿಂದ ಬಂದಿದ್ದ ಮಗಳು ನೌಶೀನ್ ತನ್ನ ಹೆಣ್ಣುಕೂಸನ್ನು ಮುಂದೆ ಚಾಚಿದಳು. "ಹೋಗ್ಲಿ, ಇಕಿಗರ ಹಚ್ಚಮ್ಮಾ. ಇದಕ್ಕಂತನ ಬಂದೀನಿ."

"ಸುರ್ಮಾ ಮುಗದದ."

"ಶೀಶೆ ನಿನ್ನ ಕೈಯಾಗ ತುಂಬಿ ಕುಂತದಲ್ಲಮ್ಮಾ! ಸೊಸಿ ಮುಂದ ಮಗಳು ಕಡಿಮಿ ಆದ್ಲೇನು?"

ಎಲ್ಲರ ಕಣ್ಣೂ ಶೀಶೆಯ ಮೇಲೆ ಬಿದ್ದವು. ಮಹಬೂಬೀ ಅದನ್ನು ರವಿಕೆಯೊಳಗೆ ತುರುಕಿಕೊಂಡಳು.

"ಮುಗದದ ಅಂದ್ನಲ್ಲ!"