ಶ್ರೀಪಾಲಣ್ಣ ಯಾರಿಗೂ ಕೊಡದ ಪುಸ್ತಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಉಗಾರದ ಸಕ್ಕರೆ ಕಾರ್ಖಾನೆಯೊಂದರ ಗೇಟಿನೆದುರು, ಚಹಾದ ಗಾಡಿಯ ಪಕ್ಕ ಮೊಪೆಡ್ ನಿಲ್ಲಿಸಿ ಶ್ರೀಪಾಲ ಮಗದುಮ್ಮ ಎರಡು ಭಾರದ ಚೀಲ ಇಳಿಸುತ್ತಿದ್ದಾರೆ. ರಾತ್ರಿ ಪಾಳಿಯವರು ಹೊರಬೀಳುವ ಹೊತ್ತು. ನೋಡಿದವರು ತರಕಾರಿ ಮಾರಲು ಬಂದಿದ್ದಾರೆ ಅಂದುಕೊಳ್ಳಬೇಕು. ಚೀಲದಲ್ಲಿರುವುದು ಕೊಲೆ! ವಿಷ ಹಾಕಿದ್ದು, ಬಾವಿಗೆ ನೂಕಿದ್ದು, ಹೊಲದ ಬದುವಿಗಾಗಿ ಅಣ್ಣ ತಮ್ಮನನ್ನೇ ಮುಗಿಸಿದ್ದು. ಎಲ್ಲವೂ ನಡೆದದ್ದು, ಎಲ್ಲವೂ ಪುಸ್ತಕವಾಗಿ ಬಂದದ್ದು.

ಬಾಯ್ಲರ್ ಮನೆಯ ಧರೆಪ್ಪ ಬೂದಿ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಬರುತ್ತಾನೆ. "ಶ್ರೀಪಾಲಣ್ಣಾ, ಈ ಸಲ ಒಂದೀಟು ಖಡಕ್ ಇರ್ಲಿ ನೋಡ್ರಿ. ಹ್ವಾದ ವಾರದ್ದರಾಗ ರಕ್ತಾನ ಇರ್ಲಿಲ್ಲ."

"ರಕ್ತ ಬೇಕಾದ್ರ ದವಾಖಾನಿಗೆ ಹೋಗಲೇ," ಎನ್ನುತ್ತಾರೆ ಶ್ರೀಪಾಲ. "ಮೊದಲ ಹೇಳು, ಎಲ್ಲಿ ತಪ್ಪಸಬಹುದಿತ್ತು?"

ಧರೆಪ್ಪ ತಲೆ ಕೆರೆದುಕೊಳ್ಳುತ್ತಾನೆ. "ಆ ಹೆಣ್ಮಗಳು ಠಾಣೆಗೆ ಹೋದಾಗ ಜಮಾದಾರ ತಕ್ರಾರ ಬರಕೋಬೇಕಿತ್ರಿ. ನಾಳೆ ಬಾ ಅಂದ. ಅರವತ್ತೆಂಟನೇ ಪುಟ."

ಸರಿಯುತ್ತರ. ಧರೆಪ್ಪನಿಗೆ ಹೊಸ ಪುಸ್ತಕ ಸಿಗುತ್ತದೆ.

ಕುಡಚಿಯ ಈ ಐವತ್ತೆಂಟರ ಮನುಷ್ಯ ಮೂವತ್ತು ವರ್ಷಗಳಿಂದ ಮಾಡುತ್ತಿರುವುದು ಇದನ್ನೇ, ಊರೂರು ತಿರುಗಿ ಓದಲು ಪುಸ್ತಕ ಎರವಲು ಕೊಡುವುದು. ಸೋಮವಾರ ಉಗಾರ, ಮಂಗಳವಾರ ರಾಯಬಾಗ, ಬುಧವಾರ ಅಥಣಿ, ಗುರುವಾರ ಕಾಗವಾಡ, ಶುಕ್ರವಾರ ಚಿಕ್ಕೋಡಿ. ನಿಪ್ಪಾಣಿ ದೂರ, ಅಲ್ಲಿಗೆ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ. ಕನ್ನಡ, ಮರಾಠಿ ಸೇರಿ ಆರುನೂರ ನಲವತ್ತು ಪುಸ್ತಕ, ದಿನಕ್ಕೆ ಮೂವತ್ತು-ನಲವತ್ತು ಓದುಗರು. ಮೊದಲು ಪ್ರೇಮಕಥೆ, ಅಡುಗೆ, ಪುರಾಣ ಎಲ್ಲ ಇಟ್ಟು ನೋಡಿದರಂತೆ. ಹೆಚ್ಚು ಜನ ಕೇಳಿದ್ದು ನಡೆದ ಕೊಲೆಗಳನ್ನೇ. "ದೇವರ ಪುಸ್ತಕ ದೂಳು ತಿಂತಿತ್ರಿ, ಖೂನಿ ಪುಸ್ತಕಕ್ಕ ಪಾಳಿ ಹಚ್ಚತಿದ್ರು," ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಯಾರಿಗೆ ಯಾವುದು ಎಂಬುದು ಅವರಿಗೆ ಬಾಯಿಪಾಠ. ಕಾಗವಾಡದ ಶಾಲಾ ಶಿಕ್ಷಕಿ ಸಾರಿಕಾ ಬಾಯಿ ಅವರಿಗೆ ಕೋರ್ಟಿನ ವಾದ ಹೆಚ್ಚಿರುವುದು. ರಾಯಬಾಗದ ನಿವೃತ್ತ ಹವಾಲ್ದಾರ ಜಕ್ಕಪ್ಪನವರಿಗೆ ಪೊಲೀಸರು ಸೋತ ಪ್ರಕರಣವೇ ಬೇಕು. ಗೆದ್ದದ್ದನ್ನು ಅವರು ನಂಬುವುದಿಲ್ಲ. ಹೊಸಬರು ಬಂದರೆ ಮಾತ್ರ ಶ್ರೀಪಾಲ ಸ್ವರ ತಗ್ಗಿಸಿ ಕೇಳುತ್ತಾರೆ: "ನಿಮ್ಮ ಮನ್ಯಾಗ ಯಾರರೆ ಹಿಂಗ ಸತ್ತಾರೇನ್ರಿ?" ಹೌದು ಎಂದವರಿಗೆ ಪುಸ್ತಕವಿಲ್ಲ, ಒಂದು ಕಪ್ ಚಹಾ ಕುಡಿಸಿ ಕಳಿಸುತ್ತಾರೆ. ಉಳಿದವರು ಪುಸ್ತಕ ತಿರುಗಿ ಕೊಡುವಾಗ ತಪ್ಪಿಸಬಹುದಾಗಿದ್ದ ಪುಟ ಯಾವುದೆಂದು ಹೇಳಬೇಕು.

"ಎಲ್ಲಾರೂ ಕೊಂದಾಂವ ಹೆಂಗ ಸಿಕ್ಕ ಅಂತ ಓದತಾರ್ರಿ. ಸಿಕ್ಕರೇನು, ಬಿಟ್ಟರೇನು, ಸತ್ತಾಕಿ ಬರ್ತಾಳೇನು? ಪ್ರತಿ ಪುಸ್ತಕದಾಗೂ ಒಂದು ಪುಟ ಇರತೈತಿ. ಅಲ್ಲಿ ಯಾರರೆ ಒಬ್ಬರು ಬಾಗಲಾ ತಗದಿದ್ರ ಮುಂದಿಂದು ಬರಿಯೂ ಕೆಲಸಾನ ಇರ್ತಿರ್ಲಿಲ್ಲ."

ಇಷ್ಟು ಹೇಳುವ ಮನುಷ್ಯ ಒಂದು ಪುಸ್ತಕವನ್ನು ಮಾತ್ರ ಹನ್ನೆರಡು ವರ್ಷ ಟ್ರಂಕಿನ ತಳದಲ್ಲಿ ಮುಚ್ಚಿಟ್ಟಿದ್ದರು. ಗಡಿಭಾಗದ ಹತ್ತು ಕೊಲೆಗಳ ಬಗ್ಗೆ ಮರಾಠಿಯಲ್ಲಿ ಬಂದ ತೆಳ್ಳನೆಯ ಪುಸ್ತಕ. ಅದರಲ್ಲಿ ಐದನೆಯದು ಅವರ ತಂಗಿ ಚಂದ್ರಮತಿಯದು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಮಿರಜ ಕಡೆಯ ಊರಿಗೆ ಕೊಟ್ಟಿದ್ದ ಚಂದ್ರಮತಿ ಎರಡು ವರ್ಷದ ಮಗಳು ಕಾಜಲಳನ್ನು ಎತ್ತಿಕೊಂಡು ತವರಿಗೆ ಬಂದಳು. ತೋಳಿನ ಮೇಲೆ ಬಾಸುಂಡೆ. ನಾಲ್ಕು ದಿನ ಇದ್ದಳು. ಐದನೆಯ ದಿನ ಅಣ್ಣ ಮರಳಿ ರೈಲುಗಾಡಿ ಹತ್ತಿಸಿದರು. ಕೂಸಿಗೆ ಜ್ವರ ಇದ್ದದ್ದಕ್ಕೆ ಕೂಸು ಇಲ್ಲೇ ಉಳಿಯಿತು. ಮರುದಿನ ಮಧ್ಯಾಹ್ನ ಗಂಡ ಅವಳನ್ನು ಕೊಂದ. ಅವನು ಜೈಲಿನಲ್ಲೇ ತೀರಿಕೊಂಡ. ಶ್ರೀಪಾಲ ಮತ್ತು ರೂಪಾಲಿ ದಂಪತಿಗೆ ಮಕ್ಕಳಿರಲಿಲ್ಲ, ಕಾಜಲಳೇ ಮಗಳಾದಳು. ತಾಯಿಯನ್ನು ತಂದೆ ಕೊಂದ ಎಂಬುದು ಅವಳಿಗೆ ಗೊತ್ತಿತ್ತು; ಊರಿನ ಬಾಯಿಗೆ ಯಾರು ಬೀಗ ಹಾಕಿದ್ದಾರೆ? ಆದರೆ ತಾಯಿ ಅತ್ತೆಮನೆಗೆ ತಾನಾಗಿಯೇ ಹೊರಟುಹೋದಳು ಎಂದೇ ಅವಳಿಗೆ ಮನೆಯಲ್ಲಿ ಹೇಳಿದ್ದು.

ಆ ಪುಸ್ತಕದ ವಿಷಯ ಕಿವಿಗೆ ಬಿದ್ದಾಗಿನಿಂದ ಅವಳು ಕೇಳುತ್ತಲೇ ಇದ್ದಳು. "ಐದು ತಾಲೂಕಿನ ಮಂದಿಗೆ ಪುಸ್ತಕ ಕೊಡ್ತೀರಿ, ನನಗ ಅದೊಂದು ಯಾಕ ಇಲ್ಲ ಮಾಮಾ?" ಮಾಮನ ಬಳಿ ಉತ್ತರ ಸಿದ್ಧವಿತ್ತು: "ಮನ್ಯಾಗ ಹಿಂಗ ಸತ್ತಾರಂದ್ರ ನಾ ಯಾರಿಗೂ ಕೊಡಂಗಿಲ್ಲವ್ವ, ನೇಮ ಅಂದ್ರ ನೇಮ." ಎಂಥ ಅನುಕೂಲದ ನೇಮ! ಆ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಅಣ್ಣನ ಬಗ್ಗೆ ಬರೆದದ್ದು ಒಂದೇ ಸಾಲು: ಹೋಗಲಾರೆ ಎಂದು ಅವಳು ಅತ್ತರೂ ಹೊಂದಿಕೊಂಡು ಹೋಗು ಎಂದು ಅಣ್ಣ ನಸುಕಿನ ಗಾಡಿಗೆ ಹತ್ತಿಸಿದ. "ಮಂದಿಗೆ ಪುಟ ಹುಡುಕ್ರಿ ಅಂತಿದ್ದೆ. ನನ್ನ ಪುಟ ಮುಚ್ಚಿಟ್ಟಿದ್ದೆ," ಎನ್ನುತ್ತಾರೆ ಶ್ರೀಪಾಲ.

ಪರ್ಯೂಷಣದ ವ್ರತದ ದಿನಗಳು ಮುಗಿದ ಮೇಲೆ ಜೈನರ ಮನೆಗಳಲ್ಲಿ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನವೊಂದುಂಟು. ದೊಡ್ಡವರು ಸಣ್ಣವರನ್ನೂ ಕೇಳುತ್ತಾರೆ. ಪ್ರತಿ ವರ್ಷ ಶ್ರೀಪಾಲ ಕಾಜಲಳ ಮುಂದೆ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಕಳೆದ ವರ್ಷ ಅವಳು ಕೇಳಿಯೇಬಿಟ್ಟಳು: "ಯಾ ತಪ್ಪಿಗೆ ಮಾಮಾ? ಅದನ್ನ ಹೇಳಿ ಕೇಳ್ರಿ." ಶ್ರೀಪಾಲ ಒಳಗೆ ಹೋಗಿ, ಟ್ರಂಕು ತೆಗೆದು, ಪುಸ್ತಕ ತಂದು ಅವಳ ಕೈಗಿಟ್ಟರು.

ಎರಡನೆಯ ದಿನ ಅವಳು ಅದನ್ನು ಮರಳಿ ತಂದಿಟ್ಟಳು. ಪುಟ ಯಾವುದೆಂದು ಇವರು ಕೇಳಲಿಲ್ಲ. ಅವಳೇ ಹೇಳಿದಳು: "ನಲವತ್ತೊಂದು."

"ಹೌದವ್ವಾ," ಎಂದರು.

ಎಂಟು ದಿನ ಹೊತ್ತಿಗೆ ಸರಿಯಾಗಿ ತಾಟು ಬಂದು ಮುಂದೆ ಕೂರುತ್ತಿತ್ತು, ಇಟ್ಟವಳ ಮುಖ ಮಾತ್ರ ಇವರತ್ತ ತಿರುಗುತ್ತಿರಲಿಲ್ಲ. "ಬೈದಿದ್ರ ಛಲೋ ಇತ್ರಿ. ಕೈ ಮಾಡಿದ್ರೂ ತಡಕೋತಿದ್ದೆ," ಎನ್ನುತ್ತಾರೆ. ಒಂಬತ್ತನೆಯ ದಿನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, ಅವಳು ಒಂದೇ ಮಾತು ಕೇಳಿದಳು: "ಅವ್ವ ಅವತ್ತ ಏನ ಉಂಡು ಹ್ವಾದ್ಳು?"

ಕುಡಗೋಲಿನ ಉದ್ದ, ಪಂಚನಾಮೆ ಬರೆದ ವೇಳೆ, ಗಂಡ ಕೋರ್ಟಿನಲ್ಲಿ ಹೇಳಿದ್ದು, ಎಲ್ಲವೂ ಆ ಪುಸ್ತಕದಲ್ಲಿದೆ. ಇದೊಂದು ಇಲ್ಲ. ಇದನ್ನು ಬಲ್ಲವರು ಶ್ರೀಪಾಲರೇ. ಚಂದ್ರಮತಿ ವ್ರತದವಳು, ಹೊತ್ತು ಮೂಡುವ ಮೊದಲು ಬಾಯಿಗೆ ಹನಿ ನೀರನ್ನೂ ಹಾಕುತ್ತಿರಲಿಲ್ಲ. ದಾರಿಗೆ ಬುತ್ತಿ ಕಟ್ಟುತ್ತೇನೆ ಎಂದ ರೂಪಾಲಿಯನ್ನೂ ಇವರೇ ಗದರಿಸಿ ಅವಸರ ಮಾಡಿದ್ದರು.

ಈಗ ಕಾಜಲ ಮಾತಾಡುತ್ತಾಳೆ, ಬೇಕಾದಷ್ಟೇ. ಕಾರ್ಖಾನೆಯ ಗೇಟಿನಲ್ಲಿ ಕೊನೆಯ ಪುಸ್ತಕ ಕೊಟ್ಟು, ಚೀಲದ ಬಾಯಿ ಕಟ್ಟುತ್ತ ಶ್ರೀಪಾಲ ಅವತ್ತು ಅವಳಿಗೆ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ:

"ಏನೂ ಉಣ್ಣಲಿಲ್ಲವ್ವಾ ಅಂದೆ. ಹಸಗೊಂಡ ಹ್ವಾದ್ಳು. ಹೊತ್ತು ಮೂಡೂತನಕ ತಡೀತೀನಿ ಅಣ್ಣಾ, ಎರಡು ತುತ್ತು ಉಂಡು ಹೋಗ್ತೀನಿ ಅಂದಿದ್ಳು. ಗಾಡಿ ತಪ್ಪತೈತಿ ಅಂತ ನಾನ ಎಬ್ಬಿಸಿ ಕಳಿಸಿದೆ. ತಪ್ಪಬೇಕಿತ್ರಿ ಆ ಗಾಡಿ."